ಇರುಳಿಗೊಂದು ಊರು

ಪ್ರವಾಸದಲ್ಲಿ ಹೊರಡುವ ಊರನ್ನೂ ತಲುಪುವ ಊರನ್ನೂ ನಾವಾಗಿ ಆರಿಸುವುದು ಕಡಮೆ. ಹೊರಡುವುದು ನೆಂಟರ ಮನೆಯಿಂದ. ತಲುಪುವುದು, ‘ಅಷ್ಟು ದೂರ ಹೋಗಿ ಅದನ್ನೇ ನೋಡಲಿಲ್ವಾ?’ ಎಂದು ಊರಿಗೆ ಮರಳಿದ ಮೇಲೆ ಕೇಳುತ್ತಾರಲ್ಲ, ಆ ಜಾಗಕ್ಕೆ. ಎರಡೂ ಟಿಕೆಟ್ ಮಾಡಿಸುವ ಮೊದಲೇ ತೀರ್ಮಾನವಾಗಿರುತ್ತವೆ. ನಮ್ಮ ಅಭಿರುಚಿಗೆ ಕೆಲಸ ಬೀಳುವುದು ನಡುವಿನ ಒಂದು ರಾತ್ರಿಯಲ್ಲಿ. ಕಾರು ಎಲ್ಲಿ ನಿಲ್ಲಬೇಕು, ಊಟ ಎಲ್ಲಿ, ಉಂಡ ಮೇಲೆ ಅಡ್ಡಾಡುವುದೆಲ್ಲಿ, ಬೆಳಗ್ಗೆ ಕಿಟಕಿ ತೆರೆದರೆ ಏನು ಕಾಣಬೇಕು? ನಮ್ಮ ಬಸ್ಸಿನ ಕಂಡಕ್ಟರುಗಳು ‘ನೈಟ್ ಹಾಲ್ಟ್’ ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಡುವ ಈ ಸಂಗತಿ, ನೋಡಿ ಆರಿಸಿಕೊಂಡರೆ, ಇಡೀ ಪ್ರವಾಸದ ತಿರುಳೇ ಆಗಬಲ್ಲದು. ಜರ್ಮನಿಯಲ್ಲಂತೂ ರಸ್ತೆ ಎಷ್ಟು ಚೆನ್ನಾಗಿದೆಯೆಂದರೆ ಎಲ್ಲಿಯೂ ನಿಲ್ಲುವ ಅಗತ್ಯವೇ ಬೀಳುವುದಿಲ್ಲ. ಅಗತ್ಯವಿಲ್ಲದೆಯೂ ನಿಲ್ಲುವುದರಲ್ಲೇ ಅಲ್ಲಿನ ರುಚಿ.

ತಮ್ಮನ ಮನೆ ಇರುವುದು ಫ್ರಾಂಕ್‌ಫರ್ಟಿನ ಹೊರವಲಯದಲ್ಲಿ. ನಾವು ಹೊರಟಿದ್ದು ಆಲ್ಪ್ಸ್ ತಪ್ಪಲಿನ ಫ್ಯೂಸನ್‌ಗೆ. ಅದರ ಪಕ್ಕದಲ್ಲೇ ನೊಯ್‌ಶ್ವಾನ್‌ಸ್ಟೈನ್, ಎರಡನೆಯ ಲುಡ್ವಿಗ್ ದೊರೆ ಕಟ್ಟಿಸಲು ಹೊರಟು ಮುಗಿಸಲಾಗದೆ ಬಿಟ್ಟುಹೋದ ಕನಸಿನ ಕೋಟೆ. “ಅಣ್ಣಾ, ಆಟೊಬಾನ್ ಹಿಡಿದರೆ ನಾಲ್ಕು, ನಾಲ್ಕೂವರೆ ಗಂಟೆ ದಾರಿ. ನಡುವೆ ಮಲಗೋದ್ಯಾಕೆ?” ಎಂದ ತಮ್ಮ. ಲೆಕ್ಕ ಸರಿಯೇ. ಆದರೆ ಕಾರಿನಲ್ಲಿ ಮಂಡಿನೋವಿನ ಅಮ್ಮ, ಎರಡು ಗಂಟೆಗಿಂತ ಹೆಚ್ಚು ಒಂದೆಡೆ ಕೂರಲಾರದ ಮಕ್ಕಳು, ಎಲ್ಲಕ್ಕಿಂತ ಮಿಗಿಲಾಗಿ ನಕಾಶೆ ಬಿಡಿಸಿಕೊಂಡು ಕೂತಿದ್ದ ನಾನು. ಜೂನ್ ತಿಂಗಳು ಬೇರೆ. ಆ ಸೀಮೆಯಲ್ಲಿ ಆಗ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ಹೊತ್ತಿಗೆ. ಅಂಥ ಉದ್ದನೆಯ ಸಂಜೆಯನ್ನು ಕಾರಿನ ಗಾಜಿನೊಳಗಿಂದ ನೋಡಿ ಕಳೆಯುವುದು ನನಗಂತೂ ಒಪ್ಪಿಗೆಯಿರಲಿಲ್ಲ.

ಹಾಗೆಂದು ಆಟೊಬಾನಿನ ಮೇಲೆ ನನಗೆ ಸಿಟ್ಟೇನಿಲ್ಲ. ಅದೂ ನೋಡತಕ್ಕ ವಸ್ತುವೇ. ಕಾರುಗಳಿಗೆ ಟೋಲ್ ಇಲ್ಲ, ಗೇಟು ಇಲ್ಲ. ನಾವು ಹಿಡಿಯಬೇಕಾದ ಎ7 ಆ ದೇಶದ ಅತಿ ಉದ್ದದ ಹೆದ್ದಾರಿ, ಡೆನ್ಮಾರ್ಕಿನ ಗಡಿಯಿಂದ ಇದೇ ಫ್ಯೂಸನ್‌ವರೆಗೆ ಸುಮಾರು 960 ಕಿಲೋಮೀಟರ್. ಎಷ್ಟು ವೇಗದಲ್ಲಾದರೂ ಹೋಗಬಹುದು ಎಂಬ ಖ್ಯಾತಿ ಪೂರ್ತಿ ನಿಜವಲ್ಲ. ಅನೇಕ ಕಡೆ ಮಿತಿ ಇದೆ, ಇಲ್ಲದ ಕಡೆಯೂ 130ರ ಸಲಹೆಯಿದೆ. ನನಗೆ ಹೆಚ್ಚು ಮೆಚ್ಚಿಗೆಯಾಗುವುದು ವೇಗಕ್ಕಿಂತ ನಿಲುಗಡೆಯ ಶಿಸ್ತು. ಮುಂದೆಲ್ಲೋ ಅಪಘಾತವಾಗಿ ವಾಹನಗಳು ನಿಧಾನವಾಗತೊಡಗಿದರೆ ಸಾಕು, ಎಡಗಡೆಯ ಸಾಲಿನವರು ಇನ್ನೂ ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಆಂಬುಲೆನ್ಸಿಗೆ ಓಣಿ ಬಿಡುತ್ತಾರೆ. ಕಾನೂನು ಅದು, ತಪ್ಪಿದರೆ ದಂಡ. ಆದರೂ ಯಾರೂ ಹಾರ್ನ್ ಮಾಡದೆ, ಕೈ ಬೀಸದೆ ನೂರಾರು ಕಾರು ಇಬ್ಭಾಗವಾಗುವುದನ್ನು ಹಿಂದಿನ ಸೀಟಿನಿಂದ ನೋಡುವುದೇ ಒಂದು ಚೆಂದ. ಇನ್ನೊಂದು ಚೆಂದ ದಾರಿಬದಿಯ ಕಂದುಬಣ್ಣದ ಬೋರ್ಡುಗಳು. ಆಚೆ ಗುಡ್ಡದ ಮೇಲೆ ಕೋಟೆಯಿದ್ದರೆ ಕೋಟೆಯ, ಮಠವಿದ್ದರೆ ಮಠದ ರೇಖಾಚಿತ್ರ ಬಿಳಿಗೆರೆಯಲ್ಲಿ ಬರೆದು ಕೆಳಗೆ ಹೆಸರು ಹಾಕಿರುತ್ತಾರೆ. ‘ಬಂದರೆ ಬನ್ನಿ, ಇಲ್ಲದಿದ್ದರೆ ಹೆಸರಾದರೂ ಕೇಳಿಕೊಂಡು ಹೋಗಿ’ ಎನ್ನುವಷ್ಟೇ ಒತ್ತಾಯ. ಹತ್ತಿರ ಹತ್ತಿರ ಎರಡು ಬೋರ್ಡು ಬಂದರೆ ಮಕ್ಕಳು ಒಂದೊಂದು ಕೋಟೆ ತಮ್ಮದೆಂದು ಹಂಚಿಕೊಳ್ಳುತ್ತಿದ್ದರು.

ಹೆದ್ದಾರಿಯ ತಂಗುದಾಣಗಳೂ ತಮ್ಮ ಮಟ್ಟಿಗೆ ಅಚ್ಚುಕಟ್ಟು. ಪೆಟ್ರೋಲ್ ಬಂಕು, ಕಾಫಿ, ಮಕ್ಕಳಿಗೆ ಜಾರುಬಂಡಿ. ಅನೇಕ ಕಡೆ ಶೌಚಾಲಯಕ್ಕೆ ಒಂದು ಯೂರೋ ಹಾಕಿದರೆ ಗೇಟು ತೆರೆದು, ಅಷ್ಟೇ ಬೆಲೆಯ ಚೀಟಿ ಕೈಗೆ ಬರುತ್ತದೆ; ಅದನ್ನು ಅಂಗಡಿಯಲ್ಲಿ ಮುರಿಸಿಕೊಳ್ಳಬಹುದು. ಅಮ್ಮ ಆ ಚೀಟಿಗಳನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು, ನಾವು ಕಾಫಿಗೆ ನಿಂತಾಗಲೆಲ್ಲ ತೆಗೆದುಕೊಡುತ್ತಿದ್ದಳು. ಮಲಗುವುದಕ್ಕೂ ಅಲ್ಲಲ್ಲಿ ಹೋಟೆಲುಗಳಿವೆ. ಶುಭ್ರ, ಬೆಲೆಯೂ ಹಿತ. ಆದರೆ ಆ ಕೋಣೆಯಲ್ಲಿ ಎದ್ದವನು ತಾನು ಯಾವ ಊರಿನಲ್ಲಿದ್ದೇನೆಂದು ಹೇಳಲು ಬಿಲ್ಲು ತೆಗೆದು ನೋಡಬೇಕು. ಅಲ್ಲಿ ರಾತ್ರಿ ಉಂಟು, ಸಂಜೆ ಇಲ್ಲ.

ನನ್ನ ಪಟ್ಟು ಇಷ್ಟೇ: ಕಾರಿನ ಬೀಗದಕೈ ಸಂಜೆ ಐದಕ್ಕೆ ಮೇಜಿನ ಮೇಲೆ ಬಿದ್ದರೆ ಮರುದಿನ ಬೆಳಗಿನವರೆಗೆ ಅದನ್ನು ಯಾರೂ ಮುಟ್ಟಬಾರದು. ಊಟ, ತಿರುಗಾಟ, ನೋಡುವುದು, ಮಲಗುವುದು ಎಲ್ಲವೂ ಅಮ್ಮ ನಡೆಯಬಲ್ಲಷ್ಟು ದೂರದಲ್ಲಿರಬೇಕು. ಮಕ್ಕಳು ಓಡಿದರೆ ‘ಹುಷಾರು’ ಎಂದು ಕೂಗುವ ಪ್ರಸಂಗ ಬರಬಾರದು. ಹಗಲು ಬಸ್ಸಿನಲ್ಲಿ ಬಂದವರೆಲ್ಲ ಹೊರಟುಹೋದ ಮೇಲೂ ಊರಿಗೆ ತನ್ನದೇ ಬದುಕಿರಬೇಕು. ಇಷ್ಟನ್ನೂ ಒಟ್ಟಿಗೆ ಕೊಡುವುದು ಗೋಡೆ ಸುತ್ತಿದ ಹಳೆಯ ಸಣ್ಣ ಪಟ್ಟಣ. ಅಂಥವು ದಂಡಿಯಾಗಿ ಸಿಗುವ ದಾರಿ ವ್ಯೂರ್ಟ್ಸ್‌ಬುರ್ಗಿನಿಂದ ಫ್ಯೂಸನ್‌ಗೆ ಹೋಗುವ ‘ರೊಮಾಂಟಿಷ ಸ್ಟ್ರಾಸ’, ಅಂದರೆ ರಮ್ಯ ರಸ್ತೆ. ಹೆಸರು ಪುರಾತನವೇನಲ್ಲ. ಯುದ್ಧ ಮುಗಿದು ಜನರನ್ನು ಮತ್ತೆ ಕರೆಯಬೇಕಾಗಿದ್ದ 1950ರಲ್ಲಿ ಪ್ರವಾಸೋದ್ಯಮಕ್ಕಾಗಿಯೇ ಕಟ್ಟಿದ ಹೆಸರು. ಊರುಗಳು ಮಾತ್ರ ಪುರಾತನವೇ.

ವ್ಯೂರ್ಟ್ಸ್‌ಬುರ್ಗ್ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಅಲ್ಲಿನ ಅರಮನೆಯ ಮೆಟ್ಟಿಲ ಮೇಲಿನ ಚಾವಣಿಯಲ್ಲಿ ಟಿಯೆಪೊಲೊ ಬರೆದ ಚಿತ್ರಕ್ಕೆ ಒಂದು ಇಡೀ ಬೆಳಗು ಬೇಕು. ಸಂಜೆ ತಲುಪಿ ಬೆಳಗ್ಗೆ ಹೊರಡುವವರಿಗೆ ಅದು ತಕ್ಕ ಊರಲ್ಲ. ತಮ್ಮನ ಹೆಂಡತಿ ಬೇರೆಯೇ ದಾರಿ ಎತ್ತಿದಳು: “ಭಾವ, ಸ್ಟುಟ್‌ಗಾರ್ಟ್ ಕಡೆಯಿಂದ ಹೋದರೆ ಟ್ಯೂಬಿಂಗನ್ ಸಿಗುತ್ತೆ. ಕಿಟ್ಟೆಲ್ ಕೊನೆಗಾಲದಲ್ಲಿ ಇದ್ದ ಊರಂತೆ.” ಕನ್ನಡಿಗನ ಮನಸ್ಸು ಆಡಿಹೋಗುವ ಮಾತು. 1894ರಲ್ಲಿ ಮಂಗಳೂರಿನಿಂದ ನಿಘಂಟು ಹೊರಟ ಮೇಲೆ ಆ ಮನುಷ್ಯ ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗನ್ನಿನಲ್ಲಿ. ಅಲ್ಲಿಗೆ ಹತ್ತಿರದ ಎಸ್ಲಿಂಗನ್ನಿನಲ್ಲಿ 1881ರಲ್ಲಿ ಕಣ್ಣುಮುಚ್ಚಿದವರು ‘ಮಂಗಳೂರು ಸಮಾಚಾರ’ದ ಹೆರ್ಮನ್ ಮೋಗ್ಲಿಂಗ್. ಈ ಎರಡೂ ಊರನ್ನು ಇರುಳ ಬಿಡಾರವಾಗಿ ಮಾತ್ರ ಬಳಸಿಕೊಂಡು ಹೊರಡುವುದು ಅವಮರ್ಯಾದೆ ಎನ್ನಿಸಿತು. ಅವಕ್ಕೇ ಎಂದು ಒಂದು ಪ್ರಯಾಣ ಇಟ್ಟುಕೊಳ್ಳೋಣವೆಂದು ನಕಾಶೆಗೆ ಮರಳಿದೆವು.

ಉಳಿದವು ಮೂರು, ಒಂದೇ ದಾರಿಯ ಮೇಲೆ ಒಂದರ ಕೆಳಗೊಂದು: ರೋಥನ್‌ಬುರ್ಗ್, ಡಿಂಕೆಲ್ಸ್‌ಬ್ಯೂಲ್, ನ್ಯೋರ್ಡ್ಲಿಂಗನ್. ಮೂರಕ್ಕೂ ಪೂರ್ತಿ ಕೋಟೆಗೋಡೆ ಇದೆ, ಮೂರರಲ್ಲೂ ಗೋಪುರಗಳ ಸಾಲು, ಮೂರರಲ್ಲೂ ಕಲ್ಲುಹಾಸಿನ ಬೀದಿ. ಚಿತ್ರಗಳನ್ನು ಕಲಸಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಕಾಲಿಟ್ಟರೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ರೋಥನ್‌ಬುರ್ಗ್ ಎಲ್ಲರಿಗೂ ಗೊತ್ತಿರುವ ಸುಂದರಿ. ಜರ್ಮನಿ ಎಂದರೆ ಕ್ಯಾಲೆಂಡರಿನಲ್ಲಿ ಬರುವ ಕವಲುದಾರಿ, ಹಳದಿ ಮನೆ, ಎರಡು ಗೋಪುರ, ಎಲ್ಲ ಅಲ್ಲಿಯವೇ. ಸಂತ ಯಾಕೋಬನ ಚರ್ಚಿನಲ್ಲಿ ಟಿಲ್ಮನ್ ರೀಮನ್‌ಶ್ನೈಡರ್ 1500ರ ಆಚೀಚೆ ಕೆತ್ತಿದ ಮರದ ವೇದಿಕೆ ಇದೆ. ಬಣ್ಣವಿಲ್ಲದ ಬರಿಯ ಲಿಂಡೆನ್ ಮರ. ಕೊನೆಯ ಭೋಜನದ ಶಿಷ್ಯರ ಕೈಬೆರಳುಗಳ ನರ ಕೂಡ ಕಾಣುತ್ತದೆ. ಊರಿನ ಹೆಚ್ಚಿನ ಭಾಗ ಮಧ್ಯಯುಗದಿಂದ ಹಾಗೇ ನಿಂತದ್ದೆಂದು ಗೈಡುಗಳು ಹೇಳುವುದು ನಿಜ. ಆದರೆ 1945ರ ಮಾರ್ಚ್ 31ರ ಬಾಂಬ್ ದಾಳಿಯಲ್ಲಿ ಪೂರ್ವದ ಭಾಗ, ಕೋಟೆಗೋಡೆಯ ಒಂದಷ್ಟು ಉದ್ದ ನೆಲಸಮವಾಗಿ, ದೇಶವಿದೇಶದವರ ಚಂದಾದಿಂದ ಮತ್ತೆ ಎದ್ದದ್ದು ಎಂಬುದೂ ನಿಜ. ದಾನಿಗಳ ಹೆಸರು ಗೋಡೆಯ ಕಲ್ಲುಗಳಲ್ಲಿ ಸಾಲಾಗಿ ಇವೆ, ಜಪಾನಿನವರವೂ ಬೇಕಾದಷ್ಟು. ಆ ಹೆಸರುಗಳನ್ನು ಓದುತ್ತ ನಡೆಯುವುದು ನನಗೆ ಹಿಡಿಸಿತು. ಸಂಜೆ ಬಸ್ಸುಗಳು ಹೊರಟ ಮೇಲೆ ಊರು ಬೇರೆಯದೇ ಆಗುತ್ತದೆ, ಲಾಂದ್ರ ಹಿಡಿದ ರಾತ್ರಿ ಕಾವಲುಗಾರನ ಹಿಂದೆ ತಿರುಗಬಹುದು. ಆದ್ದರಿಂದ ಅಲ್ಲೇ ತಂಗಬೇಕು ಎನ್ನುವವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಕಾವಲುಗಾರನ ಹಿಂದೆ ನೂರು ಜನ ಮೊಬೈಲ್ ಎತ್ತಿ ನಡೆದರೆ ಕತ್ತಲೆಗೂ ಟಿಕೆಟ್ ಇಟ್ಟ ಹಾಗೆನಿಸುತ್ತದೆ. ನಾವು ಮಧ್ಯಾಹ್ನದ ಎರಡು ಗಂಟೆ ಅಲ್ಲಿದ್ದು, ಹಿಟ್ಟಿನ ಪಟ್ಟಿ ಹೆಣೆದು ಕರಿದು ಸಕ್ಕರೆ ಉದುರಿಸಿದ ಅಲ್ಲಿನ ಹೆಸರಾಂತ ‘ಸ್ನೋಬಾಲ್’ ತಿಂದೆವು. ಕೈಗಾತ್ರ, ಒಣಕಲು. ಅಮ್ಮ ಚೂರು ಮುರಿದು ಬಾಯಿಗಿಟ್ಟುಕೊಂಡು, “ನಮ್ಮ ಚಿರೋಟಿ ಇವರು ತಿಂದಿಲ್ಲ, ಪಾಪ” ಎಂದಳು.

ಡಿಂಕೆಲ್ಸ್‌ಬ್ಯೂಲ್ ಮೆಲುದನಿಯ ಊರು. ಬೀದಿಯ ಇಕ್ಕೆಲದಲ್ಲೂ ಮೊನಚು ಮಾಡಿನ ಮನೆಗಳು, ಕಾವಿ, ಗುಲಾಬಿ, ಮಾಸಲು ನೀಲಿ, ಪಿಸ್ತಾ. ಎರಡು ಪಕ್ಕದ ಮನೆಗೆ ಒಂದೇ ಬಣ್ಣ ಇಲ್ಲ. 1448ರಿಂದ 1499ರವರೆಗೆ ಕಟ್ಟಿದ ಸಂತ ಜಾರ್ಜರ ಚರ್ಚಿನೊಳಗೆ ನಡುಹಜಾರವೂ ಪಕ್ಕದ ಹಜಾರಗಳೂ ಒಂದೇ ಎತ್ತರಕ್ಕೆ ಏರಿರುವುದರಿಂದ ಬೆಳಕು ಎಲ್ಲೂ ತಡೆಯದೆ ತುಂಬಿಕೊಳ್ಳುತ್ತದೆ. ಮಕ್ಕಳಿಗೆ ಹೇಳಲು ಇಲ್ಲಿ ಒಂದು ಕಥೆಯೂ ಉಂಟು: ಮೂವತ್ತು ವರ್ಷದ ಯುದ್ಧದಲ್ಲಿ, 1632ರಲ್ಲಿ, ಸ್ವೀಡನ್ನಿನ ಸೇನೆ ಬಾಗಿಲಿಗೆ ಬಂದಾಗ ಊರಿನ ಮಕ್ಕಳೆಲ್ಲ ಹೋಗಿ ದಂಡನಾಯಕನನ್ನು ಬೇಡಿಕೊಂಡು ಊರು ಉಳಿಸಿಕೊಂಡರಂತೆ. ಪ್ರತಿ ಜುಲೈನಲ್ಲಿ ಮಕ್ಕಳದೇ ಹಬ್ಬ ನಡೆಯುತ್ತದೆ. 1508ರಲ್ಲಿ ಕಟ್ಟಿದ ಕಣಜ ಇಲ್ಲೀಗ ಯೂತ್ ಹಾಸ್ಟೆಲ್. ತೊಲೆ ಕಾಣುವ ಆ ದೈತ್ಯ ಕಟ್ಟಡದಲ್ಲಿ ಕುಟುಂಬದವರಿಗೂ ಕೋಣೆ ಸಿಗುತ್ತದೆ. ಯೂತ್ ಹಾಸ್ಟೆಲ್ ಎಂಬ ವ್ಯವಸ್ಥೆ ಹುಟ್ಟಿದ್ದೇ ಜರ್ಮನಿಯಲ್ಲಿ. 1909ರ ಆಗಸ್ಟಿನಲ್ಲಿ ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದೊಯ್ದಿದ್ದ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟ್ರು ಗುಡುಗುಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ಹುಲ್ಲು ಹಾಸಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೆಲ್ಲ ನಡೆಯುವ ಮಕ್ಕಳಿಗೆ ತಂಗಲು ಕೊಟ್ಟರೇನು ಎಂದು ಅವರಿಗೆ ಹೊಳೆದದ್ದು ಆ ರಾತ್ರಿ. ನೈಟ್ ಹಾಲ್ಟ್ ಒಂದರ ಪ್ರಯೋಜನ ಇದಕ್ಕಿಂತ ದೊಡ್ಡದಾಗಿ ಆದದ್ದು ನನಗೆ ತಿಳಿಯದು.

ಡಿಂಕೆಲ್ಸ್‌ಬ್ಯೂಲ್‌ಗೇ ಮನಸ್ಸು ವಾಲಿತ್ತು, ಸುಳ್ಳೇಕೆ. ತಮ್ಮನ ಮಗ ಹಿಂದಿನ ಸೀಟಿನಿಂದ, “ದೊಡ್ಡಪ್ಪ, ಇನ್ನೂ ಮೂವತ್ತು ಕಿಲೋಮೀಟರ್ ಹೋದ್ರೆ ಉಲ್ಕೆ ಬಿದ್ದ ಜಾಗದಲ್ಲೇ ಮಲಗಬಹುದು” ಎಂದ. ಮಾತು ಅಲ್ಲಿಗೆ ಮುಗಿಯಿತು.

ನ್ಯೋರ್ಡ್ಲಿಂಗನ್ ಇರುವ ಬಯಲಿಗೆ ‘ರೀಸ್’ ಎಂದು ಹೆಸರು. ಕಾಡುಗುಡ್ಡಗಳ ನಡುವೆ ಏರಿಳಿಯುತ್ತಿದ್ದ ರಸ್ತೆ ಒಂದು ಕಡೆ ಸುಮ್ಮನೆ ಕೆಳಗಿಳಿಯುತ್ತದೆ. ಅಗಲ ಬಾಯಿಯ ಬಾಣಲೆಯ ತಳಕ್ಕೆ ಜಾರಿಕೊಂಡ ಹಾಗೆ ಸುತ್ತಲೂ ಮಟ್ಟಸ ಹೊಲ, ದೂರದಲ್ಲಿ ನಾಲ್ಕೂ ಕಡೆ ಕಾಡಿನ ಅಂಚು. ಅಡ್ಡಗಲ ಸುಮಾರು 25 ಕಿಲೋಮೀಟರ್, ಅಂಚಿನ ಎತ್ತರ ನೂರು, ನೂರೈವತ್ತು ಮೀಟರ್. ಹದಿನೈದು ದಶಲಕ್ಷ ವರ್ಷಗಳ ಹತ್ತಿರಹತ್ತಿರ ಹಿಂದೆ ಒಂದು ಕಿಲೋಮೀಟರಿಗೂ ದಪ್ಪದ ಬಂಡೆಯೊಂದು ಆಕಾಶದಿಂದ ಬಂದು ಬಡಿದ ಗುಂಡಿ ಇದು. ನಮಗೆ ಹತ್ತಿರದ ಉಲ್ಕಾಕುಳಿ ಮಹಾರಾಷ್ಟ್ರದ ಲೋಣಾರ್ ಸರೋವರ. ಅದರ ಅಗಲ 1.8 ಕಿಲೋಮೀಟರ್, ದಡದಲ್ಲಿ ನಿಂತರೆ ಒಂದೇ ನೋಟಕ್ಕೆ ಸಿಗುತ್ತದೆ. ರೀಸ್ ಹಾಗೆ ಸಿಗುವುದಿಲ್ಲ. ಅದರೊಳಗೆ ಹಳ್ಳಿಗಳಿವೆ, ರೈಲು ಓಡುತ್ತದೆ, ಗೋಧಿ ಬೆಳೆಯುತ್ತದೆ. ಗುಂಡಿಯಲ್ಲಿ ಲಕ್ಷಾಂತರ ವರ್ಷ ಕೆರೆ ನಿಂತು, ಹೂಳು ತುಂಬಿ, ಆ ಹೂಳೇ ಈಗ ಹೊಲ.

ಇದು ಉಲ್ಕೆಯ ಕೆಲಸವೆಂದು ಖಚಿತವಾದದ್ದು ಕೇವಲ 1960ರಲ್ಲಿ. ಅಲ್ಲಿಯವರೆಗೆ ಬಹುಮಂದಿ ಜ್ವಾಲಾಮುಖಿ ಎಂದೇ ನಂಬಿದ್ದರು. ಅಮೆರಿಕದ ಯೂಜೀನ್ ಶೂಮೇಕರ್, ಎಡ್ವರ್ಡ್ ಚಾವ್ ಇಬ್ಬರೂ ಇಲ್ಲಿಯ ‘ಸುಯೆವೈಟ್’ ಕಲ್ಲಿನಲ್ಲಿ ಕೋಯೆಸೈಟ್ ಎಂಬ ಖನಿಜ ಕಂಡುಹಿಡಿದರು. ಬೆಣಚುಕಲ್ಲು ಆ ರೂಪಕ್ಕೆ ತಿರುಗಬೇಕಾದರೆ ಬೀಳಬೇಕಾದ ಒತ್ತಡ ಜ್ವಾಲಾಮುಖಿಯಲ್ಲಿ ಹುಟ್ಟುವಂಥದಲ್ಲ. ಹತ್ತು ವರ್ಷದ ಮೇಲೆ, 1970ರ ಆಗಸ್ಟಿನಲ್ಲಿ, ಚಂದ್ರನಿಗೆ ಹೋಗಲಿದ್ದ ಅಲನ್ ಶೆಪರ್ಡ್, ಎಡ್ಗರ್ ಮಿಚೆಲ್ ಮುಂತಾದವರು ಇಂಥ ಕಲ್ಲಿನ ಗುರುತು ಹಿಡಿಯುವುದನ್ನು ಕಲಿಯಲು ಇದೇ ಹೊಲಗಳಲ್ಲಿ ಸುತ್ತಿದರು.

ಕಲ್ಲನ್ನು ನೋಡಲು ಕ್ವಾರಿಗೆ ಹೋಗಬೇಕಾಗಿಲ್ಲ. ಊರ ನಡುವಿನ ಸಂತ ಜಾರ್ಜರ ಚರ್ಚನ್ನೇ ಅದರಿಂದ ಕಟ್ಟಿದ್ದಾರೆ. ಮೂಗು ತಾಗುವಷ್ಟು ಹತ್ತಿರ ನಿಂತೆವು. ಬೂದಿಗೆ ತುಸು ಹಸಿರು ಬೆರೆತ ಬಣ್ಣ. ಸಣ್ಣಪುಟ್ಟ ಬಿಳಿ ಚೂರುಗಳು. ನಡುನಡುವೆ ಕಪ್ಪಗೆ ಚಪ್ಪಟೆಯಾಗಿ ಎಳೆದುಕೊಂಡ ಗಾಜಿನ ತುಣುಕುಗಳು. ಕರಗಿದ ಬಂಡೆ ಹಾರಿ ಬೀಳುತ್ತ ಗಾಜಾದದ್ದು ಇದು. ಈ ಸೀಮೆಯವರು ದೋಸೆಯನ್ನು ಎಳೆಎಳೆಯಾಗಿ ಕತ್ತರಿಸಿ ಸೂಪಿಗೆ ಹಾಕುತ್ತಾರೆ. ಆ ಎಳೆಗಳ ‘ಫ್ಲೇಡ್ಲೆ’ ಎಂಬ ಹೆಸರನ್ನೇ ಭೂವಿಜ್ಞಾನಿಗಳು ಈ ಗಾಜಿನ ತುಣುಕಿಗೂ ಇಟ್ಟುಕೊಂಡಿದ್ದಾರೆ. ಕಲ್ಲಿನೊಳಗೆ ವಜ್ರದ ಕಣಗಳೂ ಇವೆ ಎಂದು ತಮ್ಮನ ಮಗ ಓದಿಕೊಂಡು ಬಂದಿದ್ದ. ಇರುವುದು ನಿಜ. ನೆಲದಡಿಯ ಗ್ರಾಫೈಟ್ ಆ ಹೊಡೆತಕ್ಕೆ ವಜ್ರವಾಗಿದೆ. ಆದರೆ ಕಣಗಳು ಬರಿಗಣ್ಣಿಗೆ ಸಿಕ್ಕುವಂಥವಲ್ಲ. “ಹಾಗಾದರೆ ಇಡೀ ಊರೇ ವಜ್ರದ್ದು ಅನ್ನಿ” ಎಂದು ನನ್ನಾಕೆ ಗೋಡೆಯ ಮೇಲೆ ಅಂಗೈಯಿಟ್ಟಳು. ಮಳೆಗೂ ಹಿಮಕ್ಕೂ ಸವೆಯುವ ಮೆದು ಕಲ್ಲು ಅದು. ಅಂಚುಗಳು ಅಲ್ಲಲ್ಲಿ ಉದುರಿ, ದುರಸ್ತಿಯ ಹೊಸ ತುಂಡುಗಳು ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತವೆ.

ಈ ಚರ್ಚಿನ ಗೋಪುರಕ್ಕೆ ‘ಡ್ಯಾನಿಯೆಲ್’ ಎಂದು ಮನುಷ್ಯರ ಹೆಸರು. ಎತ್ತರ 90 ಮೀಟರ್, ಮೆಟ್ಟಿಲು 350. ಅಮ್ಮ ಕೆಳಗೆ ಬೆಂಚಿನ ಮೇಲೆ ಉಳಿದಳು. ಮೇಲೆ ನಿಂತರೆ ಊರು ಸುತ್ತಲೂ ದುಂಡಗೆ, ಕೆಂಪು ಹೆಂಚಿನ ಮಾಡುಗಳ ಸಂದಿಯಲ್ಲಿ ಒಂದೂ ನೆಟ್ಟನೆಯ ಬೀದಿಯಿಲ್ಲದೆ ಕಾಣುತ್ತದೆ. ಗೋಡೆ ದುಂಡಗಿರುವುದಕ್ಕೂ ಉಲ್ಕೆಯ ಕುಳಿಗೂ ಸಂಬಂಧವಿಲ್ಲ. 1327ರಲ್ಲಿ ಊರು ಬೆಳೆದು ಹಳೆಯ ಗೋಡೆಯ ಹೊರಗೆ ಚೆಲ್ಲಿದಾಗ ಸುತ್ತ ಹಾಕಿದ ಎರಡನೆಯ ಬಳಸು ಅದು. ಹಳೆಯ ಗೋಡೆ ನಿಂತಿದ್ದ ಜಾಗ ಒಳಗಿನ ಬೀದಿಯ ಬಾಗಿನಲ್ಲಿ ಈಗಲೂ ಗೊತ್ತಾಗುತ್ತದೆ. ಅದರಾಚೆ ಹೊಲ, ಹೊಲದಾಚೆ ಕುಳಿಯ ಅಂಚು. ವೃತ್ತದೊಳಗೆ ವೃತ್ತ, ಅದರೊಳಗೆ ಇನ್ನೊಂದು. ಒಂದು ಆಕಾಶದ್ದು, ಎರಡು ಮನುಷ್ಯರದು. ಇಲ್ಲಿಂದ 99 ಹಳ್ಳಿ ಕಾಣುತ್ತವೆಂದು ಪ್ರತೀತಿ. ಎಣಿಸಲು ಹೊರಟ ಮಕ್ಕಳು ಇಪ್ಪತ್ತರ ಆಸುಪಾಸಿನಲ್ಲಿ ಜಗಳಕ್ಕೆ ಬಿದ್ದು ಬಿಟ್ಟರು. ಮಗಳಿಗೆ ಈ ನೋಟ ಮೊದಲೇ ಪರಿಚಿತ. ಚಾಕಲೇಟ್ ಕಾರ್ಖಾನೆಯ ವಿಲ್ಲಿ ವೊಂಕಾನ 1971ರ ಸಿನಿಮಾದ ಕೊನೆಗೆ ಗಾಜಿನ ಲಿಫ್ಟು ಹಾರಿಕೊಂಡು ಹೋಗುತ್ತದಲ್ಲ, ಆಗ ಕೆಳಗೆ ಕಾಣುವ ಊರು ಇದೇ.

ಗೋಡೆಯ ಮೇಲಿನ ನಡಿಗೆ ನನ್ನ ಮಟ್ಟಿಗೆ ಈ ಊರಿನ ಪರಮ ಸುಖ. ಸುಮಾರು 2.7 ಕಿಲೋಮೀಟರ್, ಐದು ಹೆಬ್ಬಾಗಿಲು, ಮೇಲೆ ಹೆಂಚಿನ ಮಾಡು, ಟಿಕೆಟ್ ಇಲ್ಲ. ಒಂದು ಕಡೆ ಬಾಣ ಬಿಡುವ ಕಿಂಡಿಗಳು, ಅವುಗಳಲ್ಲಿ ಕಂದಕದ ಹಸಿರು ತುಂಡುತುಂಡಾಗಿ ಕಾಣುತ್ತದೆ. ಇನ್ನೊಂದು ಕಡೆ ನೇರ ಜನರ ಹಿತ್ತಿಲು: ಒಗೆದು ಹರವಿದ ಬಟ್ಟೆ, ಗುಲಾಬಿ ಗಿಡ, ಮಕ್ಕಳ ಮೂರುಗಾಲಿ ಸೈಕಲ್ಲು, ಸಂಜೆಯ ಬಿಯರ್ ಹಿಡಿದು ಕೂತ ಅಜ್ಜ. ಗೋಡೆಗೇ ಆತುಕೊಂಡು ಬೆಳೆದ ಪುಟ್ಟಪುಟ್ಟ ಮನೆಗಳಲ್ಲಿ ಈಗಲೂ ಸಂಸಾರಗಳಿವೆ. ಪ್ರವಾಸಿಗರಿಗೆಂದು ಯಾರೂ ಏನನ್ನೂ ಒಪ್ಪ ಮಾಡಿಟ್ಟಿಲ್ಲ. ಮಕ್ಕಳು ಮುಂದೆ ಓಡಿದರು, ಅಮ್ಮ ಒಂದು ಹೆಬ್ಬಾಗಿಲಿನಿಂದ ಇನ್ನೊಂದರವರೆಗೆ ನಡೆದು “ಸಾಕು, ನೀವು ಸುತ್ತಿ ಬನ್ನಿ” ಎಂದು ಇಳಿದಳು. ವಾಹನದ ಭಯವಿಲ್ಲದ, ದಾರಿ ತಪ್ಪಲಾರದ, ಹೊರಟಲ್ಲಿಗೇ ಬಂದು ಸೇರುವ ದಾರಿ. ಕುಟುಂಬದ ಜೊತೆ ಹೋದವರಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಲ್ಯೋಪ್ಸಿಂಗ್ ಹೆಬ್ಬಾಗಿಲಿನ ಕಥೆ ಕೇಳಿ. 1440ರಲ್ಲಿ ನೆರೆಯ ಕೌಂಟ್ ಕಾವಲುಗಾರರಿಗೆ ಲಂಚ ಕೊಟ್ಟು ರಾತ್ರಿ ಬಾಗಿಲಿಗೆ ಅಗುಳಿ ಹಾಕದಂತೆ ಮಾಡಿಸಿದನಂತೆ. ಗಂಡನಿಗೆ ಬಿಯರ್ ತರಲು ಹೊರಟ ಹೆಂಗಸೊಬ್ಬಳು, ಬೀದಿಯ ಹಂದಿಯೊಂದು ಆ ಬಾಗಿಲಿಗೆ ಮೈ ತಿಕ್ಕಿಕೊಳ್ಳುತ್ತಿದ್ದುದನ್ನೂ ತಿಕ್ಕಿದ ಹಾಗೆಲ್ಲ ಬಾಗಿಲು ಅಲುಗುತ್ತಿದ್ದುದನ್ನೂ ಕಂಡು ಕೂಗೆಬ್ಬಿಸಿದಳು. ಊರು ಉಳಿಯಿತು. ಆ ಹಂದಿಗೆ ಸಂದ ಗೌರವ ಈಗಲೂ ಇದೆ, ಪೇಟೆಯಲ್ಲಿ ಬಣ್ಣಬಣ್ಣದ ಹಂದಿಬೊಂಬೆಗಳು ನಿಂತಿವೆ. ಅವಳು ಕೂಗಿದಳೆನ್ನುವ ‘ಸೋ, ಗ್ಸೆಲ್, ಸೋ’ ಎಂಬ ಕೂಗನ್ನು ಡ್ಯಾನಿಯೆಲ್ ಗೋಪುರದ ಮೇಲಿನ ಕಾವಲುಗಾರ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಇಂದಿಗೂ ಕೂಗುತ್ತಾನೆ. ‘ಸರಿ, ಗೆಳೆಯಾ, ಸರಿ’ ಎಂದು ಅರ್ಥ ಮಾಡಬಹುದೇನೋ.

ಕೂಗಿಗೆ ಇನ್ನೂ ಹೊತ್ತಿತ್ತು, ಊಟಕ್ಕಿರಲಿಲ್ಲ. ಸಣ್ಣ ಊರುಗಳ ಹಳೆಯ ಊಟದ ಮನೆಗಳಲ್ಲಿ ಒಂಬತ್ತರ ಸುಮಾರಿಗೆ ಅಡುಗೆಮನೆ ಮುಚ್ಚಿಬಿಡುತ್ತದೆ. ಸಸ್ಯಾಹಾರಿಗಳು ಇಲ್ಲಿ ಹೆಸರು ನೋಡಿ ನಂಬುವಂತಿಲ್ಲ. ಮೇಲೆ ಹೇಳಿದ ದೋಸೆ ಎಳೆಯ ಸೂಪು ದನದ ಮಾಂಸದ ಸಾರಿನದು. ಬರಿಯ ಆಲೂಗಡ್ಡೆ ಸಲಾಡಿಗೂ ಈ ಕಡೆ ಮಾಂಸದ ಸಾರು ಹುಯ್ಯುವ ರೂಢಿಯುಂಟು. ಮಸೂರದ ಬೇಳೆಯೆಂದು ಹಿಗ್ಗಿದರೆ ಮೇಲೆ ಸಾಸೇಜು ಮಲಗಿರುತ್ತದೆ. ನಂಬಬಹುದಾದದ್ದು ‘ಕೇಸ್‌ಷ್ಪೆಟ್ಸ್ಲೆ’: ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಕುದಿಯುವ ನೀರಿಗೆ ಗೀರಿ ಬೇಯಿಸಿ, ಚೀಸಿನೊಂದಿಗೆ ಪದರ ಪದರವಾಗಿ ಬೆರೆಸಿ, ಮೇಲೆ ಕಂದಾಗುವಂತೆ ಹುರಿದ ಈರುಳ್ಳಿ. ಬಾಣಲೆಯ ಸಮೇತ ಮೇಜಿಗೆ ಬಂತು. ಚಮಚ ಎತ್ತಿದರೆ ಚೀಸು ಮೊಳದುದ್ದ ಎಳೆಯುತ್ತದೆ. ತಳದಲ್ಲಿ ಹಿಡಿದ ಕರಕು ಭಾಗಕ್ಕೆ ಮಕ್ಕಳಲ್ಲಿ ಪೈಪೋಟಿ. ಮೊಟ್ಟೆ ತಿನ್ನದ ಅಮ್ಮನಿಗೆ ಬೇಯಿಸಿದ ತರಕಾರಿ, ಬ್ರೆಡ್ಡು, ಮತ್ತು ಊರಿನಿಂದ ತಂದ ಚಟ್ನಿಪುಡಿ. ಬಡಿಸಲು ಬಂದ ಹೆಂಗಸು ಪುಡಿಯ ಡಬ್ಬಿಯನ್ನು ಕುತೂಹಲದಿಂದ ನೋಡಿದಳು. ಅಮ್ಮ ಬೆಣ್ಣೆ ಸವರಿದ ಬ್ರೆಡ್ಡಿನ ಚೂರಿಗೆ ಪುಡಿ ಉದುರಿಸಿ ಕೊಟ್ಟೇಬಿಟ್ಟಳು. ತಿಂದವಳ ಮುಖ ಕೆಂಪಾಯಿತು, ಆದರೂ ಎರಡನೆಯ ಚೂರು ಕೇಳಿದಳು.

ಕೋಣೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೆಯ ವಸತಿಗೃಹ, ಲಿಫ್ಟ್ ಇಲ್ಲ, ನೆಲಮಹಡಿಯ ಕೋಣೆಯನ್ನು ಅಮ್ಮನಿಗೆಂದು ಮೊದಲೇ ಕೇಳಿ ಇರಿಸಿಕೊಂಡಿದ್ದೆವು. ಫ್ಯಾನ್ ಇಲ್ಲ, ಏಸಿ ಇಲ್ಲ. ಕಿಟಕಿಯ ಹಿಡಿ ಮೇಲಕ್ಕೆ ತಿರುಗಿಸಿದರೆ ಅದರ ತಲೆಯಷ್ಟೇ ಒಳಕ್ಕೆ ವಾಲಿ ಗಾಳಿ ಬಿಡುತ್ತದೆ. ಈ ಕಿಟಕಿಯನ್ನು ನೋಡಿದಾಗಲೆಲ್ಲ ಇದನ್ನು ನಾವೇಕೆ ಮಾಡಿಕೊಂಡಿಲ್ಲ ಎನಿಸುತ್ತದೆ: ಮಳೆ ಒಳಗೆ ಬರುವುದಿಲ್ಲ, ಗಾಳಿ ನಿಲ್ಲುವುದಿಲ್ಲ. ಜೋಡಿ ಮಂಚವಾದರೂ ಗಂಡನಿಗೊಂದು ಹೆಂಡತಿಗೊಂದು ಬೇರೆ ಬೇರೆ ರಜಾಯಿ, ದಾಂಪತ್ಯದ ಒಂದು ಹಳೆಯ ತಕರಾರು ಅಲ್ಲಿಗೆ ಇತ್ಯರ್ಥ. ದಿಂಬು ಮಾತ್ರ 80 ಸೆಂಟಿಮೀಟರಿನ ಚೌಕ, ತಲೆಯಿಟ್ಟರೆ ಕಿವಿಯವರೆಗೂ ಹೂತುಹೋಗುತ್ತದೆ. ಅಮ್ಮ ಅದನ್ನು ಮಂಡಿಯ ಕೆಳಗಿಟ್ಟುಕೊಂಡು, ತನ್ನ ಶಾಲನ್ನು ಮಡಿಸಿ ತಲೆಗಿಟ್ಟುಕೊಂಡಳು. ಚರ್ಚಿನ ಗಂಟೆ ಕಾಲುಗಂಟೆಗೊಮ್ಮೆ ಹೊಡೆಯುತ್ತದೆ. ನಿದ್ದೆ ತೆಳುವಾದವರು ಚರ್ಚಿಗೆ ಬೆನ್ನು ಮಾಡಿದ ಕೋಣೆ ಕೇಳಬೇಕು. ನಾವು ಎದುರಿನದನ್ನೇ ಕೇಳಿದ್ದೆವು. ಹತ್ತೂವರೆಗೆ ಬೀದಿಗಿಳಿದು ನಿಂತಾಗ ಚೌಕದಲ್ಲಿ ನಮ್ಮಂಥ ಮೂರು ನಾಲ್ಕು ಸಂಸಾರಗಳು. ಮೇಲಿನಿಂದ ಕೂಗು ಬಂತು, ಎಳೆದು, ರಾಗವಾಗಿ. ತಮ್ಮನ ಮಗ ಕೆಳಗಿನಿಂದ ಕೂಗಿ ಉತ್ತರ ಕೊಟ್ಟ. ಗದರಬೇಕೆನ್ನಿಸಿದರೂ ಗದರಲಿಲ್ಲ.

ಬೆಳಗ್ಗೆ ಬಿಸಿ ಬನ್ನು, ಮೂರು ಬಗೆಯ ಚೀಸು, ಜೇನು, ಬಟ್ಟೆಯ ಟೋಪಿ ಹಾಕಿಸಿಕೊಂಡ ಬೇಯಿಸಿದ ಮೊಟ್ಟೆ. ಆಮೇಲೆ 1990ರಲ್ಲಿ ತೆರೆದ ಕುಳಿಯ ಮ್ಯೂಸಿಯಂ. ಅಲ್ಲಿ ಅಪೋಲೊ 16 ತಂದ ಚಂದ್ರನ ಕಲ್ಲಿನ ತುಂಡೊಂದು ಗಾಜಿನೊಳಗಿದೆ. ನೋಡಲು ಚರ್ಚಿನ ಗೋಡೆಯ ಕಲ್ಲಿಗಿಂತ ಮಂಕು, ಆದರೆ ಮಕ್ಕಳು ಅದರೆದುರಿನಿಂದ ಕದಲಲಿಲ್ಲ. ಹಳೆಯ ಉಗಿಬಂಡಿಗಳ ರೈಲ್ವೆ ಮ್ಯೂಸಿಯಂ ಒಂದಿದೆ, ಅದಕ್ಕೆ ಹೊತ್ತು ಸಾಲಲಿಲ್ಲ.

ನಮ್ಮ ಮನೆಯಲ್ಲಿ ಈಗ ನೊಯ್‌ಶ್ವಾನ್‌ಸ್ಟೈನ್ ಹೆಸರೆತ್ತಿದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ. ನ್ಯೋರ್ಡ್ಲಿಂಗನ್ ಎಂದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಆ ದಾರಿಯಲ್ಲಿ ಹೋಗುವವರು ರೋಥನ್‌ಬುರ್ಗನ್ನು ಮಧ್ಯಾಹ್ನಕ್ಕಿಟ್ಟುಕೊಳ್ಳಿ, ಡಿಂಕೆಲ್ಸ್‌ಬ್ಯೂಲನ್ನು ಸಂಜೆಯ ಕಾಫಿಗೆ, ರಾತ್ರಿಯನ್ನು ಇಲ್ಲಿಗೆ ಉಳಿಸಿ. ಕಾರನ್ನು ಗೋಡೆಯ ಹೊರಗೇ ನಿಲ್ಲಿಸಿ ಹೆಬ್ಬಾಗಿಲಿನಿಂದ ನಡೆದು ಒಳಹೋಗಿ. ಇಲ್ಲಿಂದ ಫ್ಯೂಸನ್‌ಗೆ ಎರಡೂವರೆ ಗಂಟೆ ಸಾಕು. ಅರಮನೆಯ ಟಿಕೆಟಿನಲ್ಲಿ ಒಳಹೋಗುವ ಗಂಟೆ ನಮೂದಾಗಿರುತ್ತದೆ, ಅದನ್ನು ಮಧ್ಯಾಹ್ನ ಮೂರರ ಮೇಲಕ್ಕೆ ತೆಗೆದುಕೊಳ್ಳಿ. ಭಾನುವಾರ ಅಂಗಡಿ ತೆರೆಯುವುದಿಲ್ಲ, ಹಣ್ಣು ಹಾಲು ಶನಿವಾರವೇ ಕೊಂಡಿರಿ. ಸೋಮವಾರ ಮಾತ್ರ ಬೇಡ: ಕುಳಿಯ ಮ್ಯೂಸಿಯಮ್ಮಿಗೆ ಅಂದು ರಜೆ, ಎಷ್ಟೋ ಊಟದ ಮನೆಗಳಿಗೂ ಅಂದೇ ವಾರದ ಬಿಡುವು.